ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಎಡಕ್ಕೆ ತಿರುಗುವುದು ಹೇಗೆ: ಚಾಲಕರಿಗೊಂದು ಸಮಗ್ರ ಮಾರ್ಗದರ್ಶಿ

ಚಾಲನೆ ಕಲಿಸುವವರು ಬಲಕ್ಕೆ ತಿರುಗುವುದನ್ನು, ಯೂ ಟರ್ನ್ ತೆಗೆದುಕೊಳ್ಳುವುದನ್ನು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಎಡ ತಿರುವಿನ ವಿಷಯಕ್ಕೆ ಬಂದರೆ ಮಾತ್ರ ‘ಫ್ರೀ ಲೆಫ್ಟ್ ಇದೆ, ಹೋಗಿ’ (ಅಂದರೆ ಕೆಂಪು ದೀಪವಿದ್ದಾಗಲೂ ಎಡಕ್ಕೆ ಹೋಗಲು ಅನುಮತಿಯಿದೆ) ಎಂಬ ಒಂದೇ ಮಾತಿನಲ್ಲಿ ಪಾಠ ಮುಗಿದುಹೋಗುತ್ತದೆ. ಎದುರಿನಿಂದ ಬರುವ ವಾಹನಗಳ ಸಾಲನ್ನು ಅಡ್ಡ ದಾಟಬೇಕಾಗಿಲ್ಲದ ಕಾರಣ ಎಡ ತಿರುವು ಸುಲಭವೆಂದು ಕಾಣುವುದು ಸಹಜವೇ. ಆದರೆ ರಸ್ತೆ ದಾಟುವ ಪಾದಚಾರಿ, ಎಡ ಅಂಚಿನಲ್ಲಿ ನುಸುಳುವ ದ್ವಿಚಕ್ರ ವಾಹನ, ಬಸ್ ನಿಲ್ದಾಣದಿಂದ ಇಳಿದು ಬರುವ ಪ್ರಯಾಣಿಕ, ಬಲಗಡೆಯಿಂದ ಹಸಿರು ಪಡೆದು ನೇರವಾಗಿ ಬರುವ ವಾಹನ, ಇವರೆಲ್ಲರೂ ಒಟ್ಟಿಗೆ ಸೇರುವುದು ಈ ತಿರುವಿನಲ್ಲಿಯೇ. ಎಡಕ್ಕೆ ಹೋಗಲು ಸಿಗುವ ಅನುಮತಿಯೇ ಬೇರೆ, ಮೊದಲು ಹೋಗುವ ಹಕ್ಕೇ ಬೇರೆ ಎಂಬುದನ್ನು ಚಾಲಕರು ತಿಳಿದುಕೊಳ್ಳದಿರುವುದೇ ಇಲ್ಲಿನ ಮುಖ್ಯ ತೊಡಕು ಎಂದು ನನ್ನ ಅಭಿಪ್ರಾಯ. ಮುಂದಿನ ಹಂತಗಳನ್ನೆಲ್ಲ ಆ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಮೊದಲ ಹಂತ: ದೀಪ ಏನು ಹೇಳುತ್ತಿದೆ ಎಂಬುದನ್ನು ಸರಿಯಾಗಿ ಓದಿ

ಪೂರ್ಣ ವೃತ್ತಾಕಾರದ ಹಸಿರು ದೀಪ ಉರಿಯುತ್ತಿದ್ದರೆ, ಬೇರೆ ಯಾವ ನಿಷೇಧ ಫಲಕವೂ ಇಲ್ಲದಿದ್ದಲ್ಲಿ, ನೀವು ನೇರವಾಗಿಯೂ ಹೋಗಬಹುದು, ಎಡಕ್ಕೂ ತಿರುಗಬಹುದು. ಆದರೆ ಅದೇ ಹೊತ್ತಿನಲ್ಲಿ ನೀವು ಸೇರಲಿರುವ ಎಡಗಡೆಯ ರಸ್ತೆಯನ್ನು ಪಾದಚಾರಿಗಳು ದಾಟುತ್ತಿರಬಹುದು. ನಿಮಗೆ ಹಸಿರು ಸಿಕ್ಕಿದೆ ಎಂದ ಮಾತ್ರಕ್ಕೆ ಅವರು ಜೀಬ್ರಾ ಪಟ್ಟೆಯ ಮೇಲಿಂದ ಓಡಬೇಕೆಂಬ ನಿಯಮವೇನೂ ಇಲ್ಲ. ತಿರುಗುತ್ತಿರುವ ನೀವೇ ನಿಂತು ಅವರಿಗೆ ದಾರಿ ಕೊಡಬೇಕು.

ಎಡಕ್ಕೆ ತೋರಿಸುವ ಹಸಿರು ಬಾಣವಿದ್ದರೆ ಅದು ಎಡ ತಿರುವಿಗೆ ಮಾತ್ರ ಸಂಬಂಧಿಸಿದ್ದು. ಕೆಂಪು ದೀಪದ ಜೊತೆಯಲ್ಲಿಯೇ ಈ ಬಾಣ ಉರಿಯುವ ಜಂಕ್ಷನ್‌ಗಳಲ್ಲಿ ನೇರ ಹೋಗುವವರು ನಿಲ್ಲಬೇಕು, ಎಡಕ್ಕೆ ಹೋಗುವವರು ಸಾಗಬಹುದು. ನೇರಕ್ಕೆ ತೋರಿಸುವ ಹಸಿರು ಬಾಣ ಮಾತ್ರ ಉರಿಯುತ್ತಿದ್ದರೆ ಅದನ್ನು ಪೂರ್ಣ ಹಸಿರು ಎಂದು ತಿಳಿದು ಎಡಕ್ಕೆ ತಿರುಗಬಾರದು. ಇದನ್ನು ಗಮನಿಸದೆ ತಿರುಗುವವರು ಬಹಳ ಮಂದಿ, ಏಕೆಂದರೆ ದೂರದಿಂದ ಬಾಣವೂ ವೃತ್ತವೂ ಹಸಿರು ಚುಕ್ಕೆಯಾಗಿಯೇ ಕಾಣುತ್ತವೆ, ಧೂಳು ಮೆತ್ತಿದ್ದರಂತೂ ಕೇಳುವುದೇ ಬೇಡ. ದಿಕ್ಕು ಹೇಳುವ ಬಾಣವನ್ನು ಬಿಟ್ಟರೆ, ಗಾಜಿನ ಮೇಲಿನ ಆಕಾರ ಏನೇ ಇದ್ದರೂ ಬಣ್ಣದ ಅರ್ಥ ಬದಲಾಗುವುದಿಲ್ಲ. 2022ರಲ್ಲಿ ನಗರದ ಕೆಲವು ಸಿಗ್ನಲ್‌ಗಳಲ್ಲಿ ಹೃದಯದ ಆರೋಗ್ಯದ ಜಾಗೃತಿಗಾಗಿ ಕೆಂಪು ದೀಪವನ್ನು ಹೃದಯದ ಆಕಾರದಲ್ಲಿ ತೋರಿಸಲಾಗಿತ್ತು. ನೋಡಿ ನಕ್ಕವರು ಅನೇಕರಿದ್ದರು, ಆದರೂ ಅದು ಕೆಂಪು ದೀಪವೇ ಆಗಿತ್ತು.

ಹಳದಿ ದೀಪ ಬಂದಾಗ ವೇಗ ಹೆಚ್ಚಿಸಿ ಎಡಕ್ಕೆ ನುಗ್ಗುವ ಅಭ್ಯಾಸವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಸಾಗುತ್ತದೆ. ಹಳದಿ ಮೂರು ಸೆಕೆಂಡು ಇದ್ದರೆ ಅಷ್ಟರಲ್ಲಿ 33 ಮೀಟರ್ ದಾಟಿರುತ್ತದೆ. ಆ ವೇಗದಲ್ಲಿ ನೇರವಾಗಿ ಹೋಗಬಹುದೇ ಹೊರತು ನಗರದ ಇಕ್ಕಟ್ಟಾದ ಮೂಲೆಯಲ್ಲಿ ಎಡಕ್ಕೆ ತಿರುಗಲು ಆಗುವುದಿಲ್ಲ. ತಿರುಗಲು ಹೋದರೆ ವಾಹನ ತನ್ನ ಲೇನ್ ಬಿಟ್ಟು ಅಗಲವಾಗಿ ಹೊರಳುತ್ತದೆ, ಇಲ್ಲವೇ ತಿರುವಿನ ನಡುವೆ ಬ್ರೇಕ್ ಹಿಡಿದ ದ್ವಿಚಕ್ರ ವಾಹನ ಜಾರುತ್ತದೆ. ಎಡಕ್ಕೆ ತಿರುಗುವವರ ಪಾಲಿಗೆ ಹಳದಿ ಎಂದರೆ ನಿಲ್ಲುವ ಸೂಚನೆ ಎಂದೇ ಇಟ್ಟುಕೊಳ್ಳಿ. ಸ್ಟಾಪ್ ಲೈನಿಗೆ ತೀರ ಹತ್ತಿರ ಬಂದಿದ್ದು ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುವಂತಿದ್ದರೆ ಮಾತ್ರ ಮುಂದೆ ಸಾಗಿ.

ಇನ್ನೊಂದು ಮಾತು. ಜಂಕ್ಷನ್‌ನಲ್ಲಿ ಸಂಚಾರ ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ದೀಪವನ್ನು ಮರೆತುಬಿಡಿ. ದೀಪ ಹಸಿರಿದ್ದು ಅವರು ನಿಲ್ಲಿ ಎಂದರೆ ನಿಲ್ಲಬೇಕು, ದೀಪ ಕೆಂಪಿದ್ದು ಅವರು ಬನ್ನಿ ಎಂದರೆ ಹೋಗಬೇಕು.

ಎರಡನೆಯ ಹಂತ: ಫ್ರೀ ಲೆಫ್ಟ್ ಇದೆಯೇ ಎಂದು ಫಲಕ ನೋಡಿ ನಿರ್ಧರಿಸಿ

ಬೆಂಗಳೂರಿನ ಚಾಲಕರಲ್ಲಿ ಎಡ ಎಂದರೆ ಸದಾ ತೆರೆದಿರುವ ಬಾಗಿಲು ಎಂಬ ನಂಬಿಕೆ ಬೇರೂರಿದೆ. ಈ ನಂಬಿಕೆಗೆ ಕಾರಣವೂ ಇದೆ: ನಗರದ ಅನೇಕ ಜಂಕ್ಷನ್‌ಗಳಲ್ಲಿ ಕೆಂಪು ದೀಪವಿದ್ದಾಗಲೂ ಎಡಕ್ಕೆ ಹೋಗಬಹುದೆಂಬ ಫಲಕಗಳಿವೆ, ಕೆಲವೆಡೆ ತ್ರಿಕೋನಾಕಾರದ ಸಣ್ಣ ದ್ವೀಪ ಕಟ್ಟಿ ಎಡ ತಿರುವಿಗೆ ಪ್ರತ್ಯೇಕ ದಾರಿಯನ್ನೇ ಬಿಟ್ಟಿದ್ದಾರೆ. ಅದರ ಜೊತೆಗೆ ‘ಫ್ರೀ ಲೆಫ್ಟ್ ಇಲ್ಲ’ ಎಂಬ ಫಲಕಗಳೂ ಇವೆ, ಅವನ್ನು ಓದುವವರು ಕಡಿಮೆ. ಎರಡರಲ್ಲಿ ಯಾವ ಫಲಕವೂ ಕಾಣದ ಮೂರನೆಯ ಬಗೆಯ ಜಂಕ್ಷನ್‌ಗಳಲ್ಲಿಯೇ ಹೆಚ್ಚಿನ ಗೊಂದಲ. ಅಂಥ ಕಡೆ ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ಕೆಂಪು ದೀಪವನ್ನು ಕೆಂಪು ದೀಪವೆಂದೇ ಪರಿಗಣಿಸಿ ಸ್ಟಾಪ್ ಲೈನಿನ ಹಿಂದೆ ನಿಲ್ಲುವುದು ಸುರಕ್ಷಿತ ಎಂಬುದು ನನ್ನ ಸಲಹೆ. ನಿಂತದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ. ಕೆಂಪು ದೀಪ ದಾಟುವುದನ್ನಾದರೋ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯ ವಿವರಣೆಯೊಳಗೆ ಹೆಸರಿಸಿಯೇ ಸೇರಿಸಿಕೊಂಡಿದೆ. 2022ರ ಕೊನೆಯಿಂದ ನಗರದ ಪ್ರಮುಖ ಜಂಕ್ಷನ್‌ಗಳಲ್ಲಿ ಕೆಲಸ ಮಾಡುತ್ತಿರುವ ಕ್ಯಾಮೆರಾಗಳು ಕೆಂಪು ದೀಪ ದಾಟಿದವರನ್ನೂ ಸ್ಟಾಪ್ ಲೈನ್ ಮೀರಿ ನಿಂತವರನ್ನೂ ತಾವಾಗಿಯೇ ಗುರುತಿಸುತ್ತವೆ.

ಫಲಕಗಳ ಮಟ್ಟಿಗೆ ಮತ್ತೊಂದು ತಪ್ಪು ತಿಳಿವಳಿಕೆ ಇದೆ. ನೀಲಿ ವೃತ್ತದೊಳಗೆ ಎಡಕ್ಕೆ ಬಿಳಿ ಬಾಣವಿರುವ ಫಲಕವನ್ನು ಅನೇಕರು ಫ್ರೀ ಲೆಫ್ಟ್ ಎಂದು ಓದಿಕೊಳ್ಳುತ್ತಾರೆ. ಅದು ಕಡ್ಡಾಯ ಚಿಹ್ನೆ. ಆ ರಸ್ತೆಯಿಂದ ಎಡಕ್ಕೆ ಮಾತ್ರ ತಿರುಗಬೇಕು ಎಂದು ಅದರ ಅರ್ಥವೇ ವಿನಾ ಕೆಂಪು ದೀಪವನ್ನು ಲೆಕ್ಕಿಸದೆ ತಿರುಗಬಹುದು ಎಂದಲ್ಲ. ಕೆಂಪು ವೃತ್ತದೊಳಗೆ ಎಡ ಬಾಣದ ಮೇಲೆ ಅಡ್ಡಗೆರೆ ಇದ್ದರೆ ಹಸಿರಿನಲ್ಲಿಯೂ ಎಡಕ್ಕೆ ತಿರುಗುವಂತಿಲ್ಲ. ಏಕಮುಖ ಸಂಚಾರದ ರಸ್ತೆಗಳು ಹೆಚ್ಚಿರುವ ನಗರದ ನಡುಭಾಗದಲ್ಲಿ ಮ್ಯಾಪ್ ಹೇಳಿದ್ದನ್ನು ಕೇಳಿ ಈ ಫಲಕವನ್ನು ಕಡೆಗಣಿಸಿದವರು ನೇರವಾಗಿ ಎದುರು ಬರುವ ವಾಹನಗಳ ಮುಂದೆ ಹೋಗಿ ನಿಲ್ಲುತ್ತಾರೆ.

ಮೂರನೆಯ ಹಂತ: ಜಂಕ್ಷನ್ ತಲುಪುವ ಮೊದಲೇ ಎಡಕ್ಕೆ ಬನ್ನಿ

ಎಡ ತಿರುವಿನ ಅರ್ಧ ಕೆಲಸ ಜಂಕ್ಷನ್‌ಗೆ ಬರುವ ಮುಂಚೆಯೇ ಮುಗಿದಿರಬೇಕು. 1989ರ ರಸ್ತೆ ನಿಯಮಗಳಲ್ಲಿ ಎಡಕ್ಕೆ ತಿರುಗುವವರು ತಾವು ಬಿಡುತ್ತಿರುವ ರಸ್ತೆಯ ಎಡ ಅಂಚಿಗೂ ಸೇರುತ್ತಿರುವ ರಸ್ತೆಯ ಎಡ ಅಂಚಿಗೂ ಆದಷ್ಟು ಹತ್ತಿರವಿರಬೇಕೆಂದು ಹೇಳಲಾಗಿತ್ತು. ಆ ನಿಯಮಗಳ ಜಾಗದಲ್ಲಿ 2017ರಲ್ಲಿ ಹೊಸ ಚಾಲನಾ ವಿನಿಯಮಗಳು ಬಂದಿವೆ, ಆದರೆ ಸರಿಯಾದ ಲೇನಿಗೆ ಮೊದಲೇ ಸೇರಿಕೊಳ್ಳಬೇಕು ಎಂಬ ತಿರುಳು ಹಾಗೆಯೇ ಇದೆ. ಕಡಿಮೆಯೆಂದರೆ 30 ಮೀಟರ್ ಇರುವಾಗಲೇ ಇಂಡಿಕೇಟರ್ ಹಾಕಿ, ಎಡ ಕನ್ನಡಿ ನೋಡಿ, ನಂತರ ಕುತ್ತಿಗೆ ತಿರುಗಿಸಿ ಭುಜದ ಮೇಲಿಂದ ಒಮ್ಮೆ ನೋಡಿ ಎಡಕ್ಕೆ ಸರಿಯಿರಿ. ಕನ್ನಡಿಯೊಂದೇ ಸಾಲದು, ಕಾರಿನ ಹಿಂಬದಿಯ ಎಡ ಬಾಗಿಲಿನ ಪಕ್ಕದಲ್ಲಿ ಬರುತ್ತಿರುವ ಸ್ಕೂಟರ್ ಕನ್ನಡಿಯಲ್ಲಿ ಕಾಣದೆಯೇ ಇರಬಹುದು. ಇಂಡಿಕೇಟರ್ ಹಾಕಿದ್ದೇನೆ ಎಂಬುದು ನಿಮ್ಮ ಉದ್ದೇಶವನ್ನು ತಿಳಿಸುತ್ತದೆ ಅಷ್ಟೇ, ಪಕ್ಕದವರು ಜಾಗ ಬಿಟ್ಟಿದ್ದಾರೆಂದು ಖಾತರಿ ಕೊಡುವುದಿಲ್ಲ.

ಬಲತುದಿಯ ಲೇನಿನಲ್ಲಿ ಬಂದು ಕೊನೆಯ ಕ್ಷಣದಲ್ಲಿ ಎರಡು ಲೇನ್‌ಗಳನ್ನು ಅಡ್ಡ ಸೀಳಿ ಎಡಕ್ಕೆ ಕಟ್ ಹೊಡೆಯುವುದು ನಮ್ಮ ಊರಿನ ದೊಡ್ಡ ಚಾಳಿ. ಹೊರ ವರ್ತುಲ ರಸ್ತೆಯಲ್ಲಿ ಇದರ ಇನ್ನೊಂದು ರೂಪವನ್ನು ನೋಡಬಹುದು: ಮುಖ್ಯ ರಸ್ತೆಯಿಂದ ಎಡಕ್ಕೆ ಹೊರಳುವ ಕಾರಿನ ಎಡಗಡೆ ಸರ್ವಿಸ್ ರಸ್ತೆ ಇರುತ್ತದೆ, ಅದರಲ್ಲಿ ನೇರವಾಗಿ ಬರುವವರಿಗೆ ಆ ಕಾರು ತಮ್ಮ ಮುಂದೆಯೇ ತಿರುಗಬಹುದೆಂಬ ಊಹೆಯೂ ಇರುವುದಿಲ್ಲ. ಇಂಥ ಕಡೆ ಮೊದಲು ಸರ್ವಿಸ್ ರಸ್ತೆಗೆ ಇಳಿದು, ಅಲ್ಲಿನ ಸಾಲಿನಲ್ಲಿ ಸೇರಿಕೊಂಡ ನಂತರವೇ ಎಡಕ್ಕೆ ತಿರುಗಬೇಕು. ತಿರುವು ತಪ್ಪಿಹೋದರೆ ಮುಂದಿನ ಜಂಕ್ಷನ್‌ವರೆಗೂ ಹೋಗಿ. ಹತ್ತು ನಿಮಿಷ ಹೆಚ್ಚಾಗಬಹುದು, ಆಗಲಿ.

ನೇರ ಹೋಗುವವರಿಗೂ ಇಲ್ಲೊಂದು ಕರ್ತವ್ಯವಿದೆ. ಫ್ರೀ ಲೆಫ್ಟ್ ಇರುವ ಜಂಕ್ಷನ್‌ನಲ್ಲಿ ಎಡ ಲೇನಿನ ತುದಿಗೆ ಹೋಗಿ ಹಸಿರಿಗಾಗಿ ಕಾಯುತ್ತ ನಿಂತರೆ ಹಿಂದಿನ ಸಾಲೆಲ್ಲ ಕಟ್ಟಿಹೋಗುತ್ತದೆ. ಹಾಗೆ ಯಾರಾದರೂ ನಿಮ್ಮ ಮುಂದೆ ನಿಂತಿದ್ದರೆ ಬಿಡದೆ ಹಾರ್ನ್ ಹೊಡೆದು ಅವರನ್ನು ಸ್ಟಾಪ್ ಲೈನಿನಾಚೆ ತಳ್ಳಬೇಡಿ, ನಿಮ್ಮ ವಾಹನವನ್ನು ಫುಟ್‌ಪಾತ್ ಮೇಲಂತೂ ಖಂಡಿತ ಹತ್ತಿಸಬೇಡಿ. ಕಾಯಿರಿ.

ನಾಲ್ಕನೆಯ ಹಂತ: ನಿಲ್ಲಿ, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ

ಕೆಂಪು ದೀಪದಲ್ಲಿ ಫ್ರೀ ಲೆಫ್ಟ್ ತೆಗೆದುಕೊಳ್ಳುವಾಗ ನೀವು ಸೇರಲಿರುವ ರಸ್ತೆಯಲ್ಲಿ ಯಾರಿಗೆ ಹಸಿರು ಇದೆ ಎಂದು ಊಹಿಸಿ ನೋಡಿ. ನಿಮ್ಮ ಬಲಗಡೆಯಿಂದ ನೇರವಾಗಿ ಬರುವವರಿಗೆ ಇರಬಹುದು, ಇಲ್ಲವೇ ನಿಮ್ಮೆದುರಿನಿಂದ ಬಂದು ತಮ್ಮ ಬಲಕ್ಕೆ ತಿರುಗುವವರಿಗೆ ಇರಬಹುದು. ಇಬ್ಬರೂ ಬಂದು ಸೇರುವುದು ನೀವು ಹೋಗಬೇಕಾದ ರಸ್ತೆಗೇ. ಅವರಿಗೆ ಸಿಕ್ಕಿರುವುದು ಹಸಿರು, ನಿಮಗೆ ಸಿಕ್ಕಿರುವುದು ಬರಿಯ ಅನುಮತಿ. ಆದ್ದರಿಂದ ದಾರಿ ಬಿಡಬೇಕಾದವರು ನೀವೇ. ಹೆಚ್ಚಿನ ಚಾಲಕರು ಬಲಕ್ಕೆ ಒಮ್ಮೆ ನೋಡಿ, ವಾಹನಗಳ ನಡುವೆ ಒಂದು ಸಂದು ಸಿಕ್ಕಿತೆಂದು ಖಚಿತವಾದ ಕೂಡಲೇ ಬಲಕ್ಕೇ ನೋಡುತ್ತ ಮುಂದೆ ಹೊರಡುತ್ತಾರೆ. ಎಡಗಡೆಯ ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟಿರುವ ಪಾದಚಾರಿ ಅಪಾಯಕ್ಕೆ ಸಿಕ್ಕುವುದು ಈ ಕ್ಷಣದಲ್ಲಿಯೇ. ಆದ್ದರಿಂದ ಬಲಕ್ಕೆ ನೋಡಿದ ಮೇಲೆ ತಿರುವಿನ ಕಡೆಗೆ ಕಣ್ಣು ತಂದು, ಅಲ್ಲಿ ಯಾರೂ ಇಲ್ಲವೆಂದು ನೋಡಿ, ಕೊನೆಯದಾಗಿ ಮತ್ತೊಮ್ಮೆ ಬಲಕ್ಕೆ ನೋಡಿ ಹೊರಡುವ ಅಭ್ಯಾಸ ಮಾಡಿಕೊಳ್ಳಬೇಕು.

ಪಾದಚಾರಿಯ ಕಡೆಯಿಂದ ಇದು ಹೇಗಿರುತ್ತದೆ ಎಂಬುದನ್ನು ವಾಹನದೊಳಗೆ ಕುಳಿತವರು ಯೋಚಿಸುವುದು ಅಪರೂಪ. ಮುಖ್ಯ ರಸ್ತೆಗೆ ಕೆಂಪು ಬಿದ್ದಾಗ ನೇರ ಹೋಗುವ ವಾಹನಗಳು ನಿಲ್ಲುತ್ತವೆ. ಫ್ರೀ ಲೆಫ್ಟ್ ದಾರಿಗೆ ಮಾತ್ರ ಕೆಂಪು ಎಂಬುದೇ ಇಲ್ಲ. ಕೈಯಲ್ಲಿ ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ಫುಟ್‌ಪಾತ್ ಅಂಚಿನಲ್ಲಿ ನಿಂತು, ಒಂದು ಕಾಲು ಕೆಳಗಿಟ್ಟು, ಬೈಕ್ ಬಂತೆಂದು ಮತ್ತೆ ಮೇಲಿಟ್ಟು, ಆಟೊ ಹೋಗಲೆಂದು ಕಾದು, ಅದರ ಹಿಂದೆಯೇ ಬಂದ ಕ್ಯಾಬಿನ ಚಾಲಕನಿಗೆ ಅಂಗೈ ತೋರಿಸಿ ಬೇಡುವಂತೆ ದಾಟುವುದನ್ನು ಜಯನಗರದಲ್ಲಿಯೂ ಮಲ್ಲೇಶ್ವರದಲ್ಲಿಯೂ ಯಾವ ಸಂಜೆ ಬೇಕಾದರೂ ನೋಡಬಹುದು. ಅವರಿಗೆ ದಾಟಲು ಸಿಗ್ನಲ್ ಕೊಡುವ ಸರದಿಯೇ ಇಲ್ಲದಿರುವುದರಿಂದ ಚಾಲಕರು ನಿಂತರೆ ಮಾತ್ರ ಅವರಿಗೆ ದಾರಿ. ಫ್ರೀ ಲೆಫ್ಟ್ ದಾರಿಯ ಜೀಬ್ರಾ ಪಟ್ಟೆಯ ಬಳಿ ಜನ ನಿಂತಿದ್ದರೆ, ಅವರು ಇನ್ನೂ ರಸ್ತೆಗೆ ಇಳಿದಿರದಿದ್ದರೂ, ಪೂರ್ತಿ ನಿಲ್ಲಿಸಿ ದಾಟಲು ಬಿಡಿ. ನಿಧಾನ ಮಾಡಿದರೆ ಸಾಲದು. ನಿಧಾನವಾಗಿ ಉರುಳುತ್ತಿರುವ ಕಾರನ್ನು ನಂಬಿ ಯಾರೂ ಹೆಜ್ಜೆ ಮುಂದಿಡುವುದಿಲ್ಲ.

ಜಂಕ್ಷನ್‌ಗೆ ತಾಗಿಕೊಂಡೇ ಬಸ್ ನಿಲ್ದಾಣವಿದ್ದರೆ ಇನ್ನಷ್ಟು ಎಚ್ಚರ ಬೇಕು. ಬಸ್ಸಿನಿಂದ ಇಳಿದವರು ಬಸ್ಸಿನ ಮುಂಭಾಗದಿಂದಲೇ ರಸ್ತೆ ದಾಟಲು ಬರುತ್ತಾರೆ, ಬಸ್ಸು ಅವರನ್ನು ನಿಮ್ಮಿಂದಲೂ ನಿಮ್ಮನ್ನು ಅವರಿಂದಲೂ ಮರೆಮಾಡಿರುತ್ತದೆ.

ಐದನೆಯ ಹಂತ: ಬಸ್ಸು, ಲಾರಿಗಳ ಎಡಬದಿಗೆ ಹೋಗಬೇಡಿ

ದ್ವಿಚಕ್ರ ವಾಹನ ಸವಾರರು ಈ ಭಾಗವನ್ನು ಎರಡು ಸಲ ಓದಬೇಕೆಂದು ವಿನಂತಿ. ಉದ್ದದ ವಾಹನ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಕತ್ತರಿಸಿಕೊಂಡು ಬರುತ್ತವೆ. ಸುಮಾರು 12 ಮೀಟರ್ ಉದ್ದದ ಬಿಎಂಟಿಸಿ ಬಸ್ಸು ಎಡಕ್ಕೆ ತಿರುಗುವುದನ್ನು ಫುಟ್‌ಪಾತ್ ಮೇಲೆ ನಿಂತು ಗಮನಿಸಿ: ಚಾಲಕ ಮೊದಲು ಬಸ್ಸಿನ ಮೂತಿಯನ್ನು ಬಲಕ್ಕೆ, ರಸ್ತೆಯ ನಡುವಿಗೆ ಒಯ್ಯುತ್ತಾನೆ. ಎಡಗಡೆ ಒಂದು ಸ್ಕೂಟರ್ ಧಾರಾಳವಾಗಿ ನುಗ್ಗಬಹುದಾದಷ್ಟು ಜಾಗ ತೆರೆದುಕೊಳ್ಳುತ್ತದೆ. ನಂತರ ಸ್ಟೀರಿಂಗ್ ಎಡಕ್ಕೆ ತಿರುಗುತ್ತದೆ, ಮುಂಭಾಗ ಮೂಲೆ ದಾಟುತ್ತದೆ, ಅಷ್ಟರಲ್ಲಿ ತೆರೆದಿದ್ದ ಜಾಗ ಹಿಂದಿನಿಂದ ಮುಚ್ಚಿಕೊಳ್ಳುತ್ತ ಬಂದು, ಕೊನೆಗೆ ಹಿಂದಿನ ಚಕ್ರ ಫುಟ್‌ಪಾತ್ ಕಲ್ಲಿನಿಂದ ಒಂದು ಗೇಣು ದೂರದಲ್ಲಿ ಉರುಳಿ ಹೋಗುತ್ತದೆ. ಆ ಜಾಗದಲ್ಲಿ ನುಗ್ಗಿದ್ದ ಸವಾರನಿಗೆ ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ಸಮಯವಿಲ್ಲ. ಬಸ್ಸು ಬಲಕ್ಕೆ ಸರಿದದ್ದನ್ನು ನೋಡಿ ‘ಸೈಡ್ ಕೊಟ್ಟರು’ ಎಂದು ಭಾವಿಸುವುದೇ ಇಂಥ ಅನಾಹುತಗಳ ಮೂಲ.

ನೆನಪಿನಲ್ಲಿಡಬೇಕಾದದ್ದು ಇಷ್ಟು: ದೊಡ್ಡ ವಾಹನದ ಎಡ ಇಂಡಿಕೇಟರ್ ಮಿನುಗುತ್ತಿದ್ದರೆ, ಅಥವಾ ಇಂಡಿಕೇಟರ್ ಇಲ್ಲದಿದ್ದರೂ ಅದು ಜಂಕ್ಷನ್ ಬಳಿ ನಿಧಾನವಾಗಿದ್ದರೆ, ಅದರ ಹಿಂದೆಯೇ ಇರಿ. ಸಿಗ್ನಲ್‌ನಲ್ಲಿ ನಿಂತಿರುವ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಹೋಗಿ ಮುಂದೆ ನಿಲ್ಲಬೇಡಿ. ಆ ವಾಹನದ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ ಎಂದೇ ತಿಳಿಯಿರಿ. ಲಾರಿ ಮತ್ತು ಬಸ್ ಚಾಲಕರಾದರೋ ತಿರುಗಲು ಆರಂಭಿಸುವ ಮುನ್ನ ಒಂದು ಕ್ಷಣ ಪೂರ್ತಿ ನಿಂತು, ಎಡ ಕನ್ನಡಿ ನೋಡಿ, ತಿರುವಿನ ನಡುವೆ ಮತ್ತೊಮ್ಮೆ ಅದೇ ಕನ್ನಡಿಯಲ್ಲಿ ಹಿಂದಿನ ಚಕ್ರದ ಬಳಿ ಯಾರಾದರೂ ಇದ್ದಾರೆಯೇ ಎಂದು ನೋಡಬೇಕು. ಕಾರಿನವರು ಇದರಿಂದ ಹೊರತಲ್ಲ. ಕಾರಿನ ಹಿಂದಿನ ಚಕ್ರವೂ ಒಳಗೆ ಕತ್ತರಿಸುತ್ತದೆ, ಪ್ರಮಾಣ ಕಡಿಮೆ ಅಷ್ಟೇ.

ಆರನೆಯ ಹಂತ: ತಿರುಗಿದ ಮೇಲೆ ನಿಮ್ಮ ಲೇನಿನಲ್ಲಿಯೇ ಉಳಿಯಿರಿ

ಹೊಸ ರಸ್ತೆಯ ಎಡ ಲೇನಿಗೆ ಸೇರಿ, ವೇಗ ಹೊಂದಿಸಿಕೊಂಡು, ನಂತರ ಬೇಕಿದ್ದರೆ ಬಲಕ್ಕೆ ಸರಿಯಿರಿ. ತಿರುಗಿದ ಕೂಡಲೇ ಮುಂದಿನ ಯೂ ಟರ್ನ್ ಹಿಡಿಯಲೆಂದು ಬಲತುದಿಗೆ ಹಾರುವುದು ಬೇಡ. ತಿರುವಿನಾಚೆ ವಾಹನಗಳು ಕಟ್ಟಿ ನಿಂತಿದ್ದರೆ ಜಂಕ್ಷನ್ ಒಳಗೆ ಕಾಲಿಡಲೇಬೇಡಿ. ಹಳದಿ ಗೆರೆಗಳ ಚೌಕವಿರಲಿ ಇಲ್ಲದಿರಲಿ, ಜೀಬ್ರಾ ಪಟ್ಟೆಯ ಮೇಲೆ ಅಡ್ಡಲಾಗಿ ನಿಂತ ನಿಮ್ಮ ವಾಹನ ಪಾದಚಾರಿಗಳನ್ನು ರಸ್ತೆಯ ನಡುವಿಗೆ ತಳ್ಳುತ್ತದೆ.

ಬಲ ತಿರುವಿನ ಬಗ್ಗೆ, ಮತ್ತು ಅಮೆರಿಕದ ಎಡ ತಿರುವಿನ ಬಗ್ಗೆ

ಎಡ ತಿರುವಿನ ಬಗ್ಗೆ ಬರೆದವರು ಬಲ ತಿರುವನ್ನು ಬಿಡುವಂತಿಲ್ಲ. ನಮ್ಮಲ್ಲಿ ಎದುರಿನ ಸಾಲನ್ನು ಅಡ್ಡ ದಾಟುವುದು ಬಲಕ್ಕೆ ತಿರುಗುವಾಗ. ಬೆಂಗಳೂರಿನ ಅನೇಕ ದೊಡ್ಡ ಜಂಕ್ಷನ್‌ಗಳಲ್ಲಿ ಒಂದೊಂದು ದಿಕ್ಕಿಗೂ ಪ್ರತ್ಯೇಕ ಸರದಿ ಇರುವುದರಿಂದ ಹಸಿರು ಎಂದರೆ ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಭಾವನೆ ಚಾಲಕರಲ್ಲಿ ಬೆಳೆದುಬಿಟ್ಟಿದೆ. ಎದುರುಬದುರಾದ ಎರಡು ದಿಕ್ಕಿಗೂ ಒಟ್ಟಿಗೆ ಹಸಿರು ಬೀಳುವ ಸಣ್ಣ ಜಂಕ್ಷನ್‌ಗೆ ಬಂದಾಗ ಅದೇ ಭಾವನೆ ಮೋಸ ಮಾಡುತ್ತದೆ. ಬಲಕ್ಕೆ ಪ್ರತ್ಯೇಕ ಬಾಣವಿಲ್ಲದೆ ಪೂರ್ಣ ಹಸಿರು ಮಾತ್ರ ಇದ್ದರೆ, ಎದುರಿನಿಂದ ನೇರ ಬರುವವರನ್ನು ಮೊದಲು ಹೋಗಲು ಬಿಡಿ.

ಮಕ್ಕಳ ಮನೆಗೋ ಕಂಪನಿಯ ಕೆಲಸಕ್ಕೋ ಅಮೆರಿಕಕ್ಕೆ ಹೋಗಿ ಅಲ್ಲಿ ಕಾರು ಓಡಿಸುವ ಬೆಂಗಳೂರಿಗರು ಇಷ್ಟನ್ನು ತಿಳಿದಿರಬೇಕು. ಅಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುವುದರಿಂದ ನಮ್ಮ ಬಲ ತಿರುವಿನ ಕಷ್ಟವೆಲ್ಲ ಅಲ್ಲಿನ ಎಡ ತಿರುವಿಗೆ ಬರುತ್ತದೆ. ಅಲ್ಲಿ ಪೂರ್ಣ ಹಸಿರಿನಲ್ಲಿ ಎಡಕ್ಕೆ ತಿರುಗುವವರು ಎದುರಿನವರಿಗೆ ದಾರಿ ಬಿಡಬೇಕು, ಹಸಿರು ಬಾಣವಿದ್ದರೆ ಆದ್ಯತೆ ತಿರುಗುವವರದು. ಪೂರ್ಣ ಹಸಿರನ್ನೇ ಆದ್ಯತೆಯೆಂದು ತಪ್ಪಾಗಿ ತಿಳಿಯುವ ಚಾಲಕರಿದ್ದಾರೆ ಎಂಬ ಕಾರಣದಿಂದ ಅಲ್ಲಿ ಚಾಲಕರ ತಿಳಿವಳಿಕೆಯನ್ನೇ ಪರೀಕ್ಷಿಸಿ 2003ರಲ್ಲಿ ಒಂದು ಸಂಶೋಧನಾ ವರದಿ ಪ್ರಕಟವಾಯಿತು. ಮಿನುಗುವ ಹಳದಿ ಬಾಣ ಇದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂದು ಕಂಡುಬಂದು, ಸಂಚಾರ ಫಲಕ, ದೀಪಗಳ ಕುರಿತ ಅಲ್ಲಿನ 2009ರ ರಾಷ್ಟ್ರೀಯ ಕೈಪಿಡಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಆ ಬಾಣ ಕಂಡರೆ ತಿರುಗಬಹುದು, ಆದರೆ ಎದುರಿನವರೂ ಪಾದಚಾರಿಗಳೂ ಹೋದ ಮೇಲೆ. ನಮ್ಮ ಫ್ರೀ ಲೆಫ್ಟ್‌ಗೆ ಅಲ್ಲಿ ಹೊಂದುವುದು ಕೆಂಪಿನಲ್ಲಿ ಬಲಕ್ಕೆ ತಿರುಗುವ ಅನುಮತಿ. ಇಂಧನ ಉಳಿಸಲೆಂದು 1975ರ ಕಾನೂನಿನ ಮೂಲಕ ಅದು ದೇಶಕ್ಕೆಲ್ಲ ಹರಡಿತು. ಅಲ್ಲಿ ಮೊದಲು ಪೂರ್ತಿ ನಿಲ್ಲುವುದು ಕಡ್ಡಾಯ, ನ್ಯೂಯಾರ್ಕ್ ನಗರದಲ್ಲಂತೂ ಫಲಕ ಅನುಮತಿಸದ ಹೊರತು ಆ ತಿರುವೇ ನಿಷಿದ್ಧ. ಪೂರ್ತಿ ನಿಂತು ಹೋಗಬೇಕೆಂಬ ಆ ಷರತ್ತನ್ನು ನಾವೂ ಎರವಲು ತಂದರೆ ತಪ್ಪೇನಿಲ್ಲ.

ಮಳೆ, ರಾತ್ರಿ ಮತ್ತು ಕಾಣದ ಫಲಕಗಳು

ಮಳೆಗಾಲದಲ್ಲಿ ಎಡ ಅಂಚಿನಲ್ಲಿಯೇ ನೀರು ನಿಲ್ಲುವುದರಿಂದ ದ್ವಿಚಕ್ರ ವಾಹನಗಳು ಅಂಚು ಬಿಟ್ಟು ನಡುವಿಗೆ ಬಂದು ತಿರುಗುತ್ತವೆ. ಕಾರಿನವರು ಇದನ್ನು ನಿರೀಕ್ಷಿಸಿ ಅಂತರ ಹೆಚ್ಚಿಸಬೇಕು. ಒದ್ದೆಯಾದ ಜೀಬ್ರಾ ಬಣ್ಣದ ಮೇಲೆ ವಾಲಿಕೊಂಡು ಬ್ರೇಕ್ ಹಿಡಿದರೆ ಬೈಕ್ ಜಾರುತ್ತದೆ, ಆದ್ದರಿಂದ ಬ್ರೇಕ್ ಕೆಲಸವೆಲ್ಲ ನೇರವಾಗಿರುವಾಗಲೇ ಮುಗಿಯಲಿ. ರಾತ್ರಿ ಹಳದಿ ದೀಪ ಮಿನುಗುತ್ತಿದ್ದರೆ ಸಿಗ್ನಲ್ ಕೆಟ್ಟಿದೆ ಎಂದಲ್ಲ, ಎಚ್ಚರದಿಂದ ನಿಧಾನವಾಗಿ ಸಾಗಿ ಎಂದು. ಆಗ ಮುಖ್ಯ ರಸ್ತೆಯಲ್ಲಿ ಬರುವವರಿಗೂ, ಉಳಿದ ಕಡೆ ಬಲಗಡೆಯಿಂದ ಬರುವವರಿಗೂ ದಾರಿ ಬಿಡಬೇಕು. ಮಿನುಗುವುದು ಕೆಂಪಾಗಿದ್ದರೆ ನಿಂತು, ನೋಡಿ, ನಂತರ ಹೋಗಬೇಕು. ವಾಹನ ದಟ್ಟಣೆಗೆ ತಕ್ಕಂತೆ ಹಸಿರಿನ ಅವಧಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸುವ ಸಿಗ್ನಲ್‌ಗಳು ಈಗ ನಗರದಲ್ಲಿ ಬಂದಿರುವುದರಿಂದ, ನಿನ್ನೆ ಇಷ್ಟು ಹೊತ್ತು ಹಸಿರಿತ್ತು ಎಂಬ ಅಂದಾಜಿನ ಮೇಲೆ ದೂರದಿಂದ ವೇಗವಾಗಿ ಬರಬೇಡಿ.

ಮರದ ಕೊಂಬೆಯ ಹಿಂದೆಯೋ ಜಾಹೀರಾತು ಬ್ಯಾನರಿನ ಹಿಂದೆಯೋ ಮರೆಯಾದ ‘ಫ್ರೀ ಲೆಫ್ಟ್ ಇಲ್ಲ’ ಫಲಕ, ಅಳಿಸಿಹೋದ ಸ್ಟಾಪ್ ಲೈನ್, ಒಂದು ದಿಕ್ಕಿಗೆ ಮಾತ್ರ ಉರಿಯದ ಬಾಣ, ಇವು ಕಂಡರೆ ವಾಹನವನ್ನು ಸುರಕ್ಷಿತವಾಗಿ ಪಕ್ಕಕ್ಕೆ ನಿಲ್ಲಿಸಿ ಫೋಟೊ ತೆಗೆದು, ಜಂಕ್ಷನ್ನಿನ ಹೆಸರು, ನೀವು ಬರುತ್ತಿದ್ದ ದಿಕ್ಕು, ದಿನಾಂಕ ಮತ್ತು ಸಮಯ ಬರೆದು ಆ ಪ್ರದೇಶದ ಸಂಚಾರ ಪೊಲೀಸ್ ಠಾಣೆಗೆ ಕಳುಹಿಸಿ. ದಿಕ್ಕು ಬರೆಯುವುದನ್ನು ಮರೆಯಬೇಡಿ. ನಾಲ್ಕು ರಸ್ತೆ ಕೂಡುವಲ್ಲಿ ಯಾವ ಕಂಬದ ಯಾವ ದೀಪ ಎಂಬುದು ದೂರಿನಲ್ಲಿ ಇಲ್ಲದಿದ್ದರೆ ಬಂದು ನೋಡುವ ಸಿಬ್ಬಂದಿ ಸರಿಯಿರುವ ದೀಪವನ್ನು ನೋಡಿಕೊಂಡು ಹಿಂದಿರುಗುವ ಸಾಧ್ಯತೆಯೇ ಹೆಚ್ಚು.